ಕರಿಯ ರಾದ್ವಿಲಾ ಪ್ರಭುವಿನ ಚರಿತ್ರೆ

ಯೂರೋಪ ಖಂಡದಲ್ಲಿ ಸಭೆಯ ಸುಧಾರಣೆ ನಡೆದ ಕಾಲದ ಬೋಧಕರನ್ನು ನಮ್ಮ ವಾಚಕರು ಬಲ್ಲರು. ವಿತ್ತೆನ್‌ಬೆರ್ಗಿನ ಲೂಥರನಾಗಲಿ ಜಿನೀವದ ಕಾಲ್ವಿನನಾಗಲಿ ನಮ್ಮ ಹಳ್ಳಿಯ ಸಭೆಗಳಿಗೆ ಅಪರಿಚಿತರಲ್ಲ. ಆದರೆ ಅಂಥ ಬೋಧಕರಿಗೆ ಆಶ್ರಯವನ್ನೂ ಹಣವನ್ನೂ ಕೊಟ್ಟು ಅವರ ಬೆನ್ನ ಹಿಂದೆ ನಿಂತ ಪ್ರಭುಗಳ ವೃತ್ತಾಂತವನ್ನು ಕೇಳಿದವರು ಕಡಿಮೆ. ಅವರಲ್ಲಿ ಒಬ್ಬನಾದ ಲಿಥುವೇನ್ಯ ದೇಶದ ಮಿಕಲೋಯುಸ್ ರಾದ್ವಿಲಾ ಎಂಬವನ ಚರಿತ್ರೆಯನ್ನು ಈ ಸಾರಿ ಬರೆಯುತ್ತೇವೆ. ಅರಸನೊಬ್ಬನನ್ನು ಬಿಟ್ಟರೆ ಆ ದೇಶದಲ್ಲಿ ಅವನಷ್ಟು ಬಲಿಷ್ಠರು ಯಾರೂ ಇರಲಿಲ್ಲ. ಆ ಬಲವನ್ನು ಅವನು ಸುವಾರ್ತೆಯ ಸೇವೆಗೆ ಧಾರಾಳವಾಗಿ ಕೊಟ್ಟನು. ಆದರೂ ಅವನು ಸತ್ತು ಬಹಳ ವರುಷ ಕಳೆಯುವ ಮುಂಚೆಯೇ ಅವನ ನಾಲ್ಕು ಮಂದಿ ಗಂಡುಮಕ್ಕಳೂ ತಂದೆಯು ಕಟ್ಟಿದ್ದನ್ನು ಬಿಟ್ಟುಹೋದರು. ಇದು ಹೇಗಾಯಿತೆಂಬದನ್ನು ತಿಳಿಯಬೇಕಾದರೆ, ಆ ದೇಶದ ಕುಲೀನರು ಯಾರು, ಅವರ ಸ್ಥಾನಮಾನಗಳು ಹೇಗೆ ಬದಲಾಗುತ್ತಾ ಬಂದವು ಎಂಬದನ್ನು ಮೊದಲು ಸ್ವಲ್ಪ ಹೇಳಬೇಕಾಗಿದೆ.

ಲಿಥುವೇನ್ಯವು ಬಾಲ್ತಿಕ್ ಸಮುದ್ರದ ತೀರದಲ್ಲಿದೆ. ಅಡವಿಗಳೂ ಕೆರೆಗಳೂ ತುಂಬಿದ ಬಯಲು ಸೀಮೆ. ವರುಷದಲ್ಲಿ ಹಲವು ತಿಂಗಳು ಹಿಮ ಬಿದ್ದಿರುವದು. ಈಗ ಅದು ಚಿಕ್ಕ ದೇಶ. ಆದರೆ 15ನೇ ಶತಮಾನದಲ್ಲಿ ಅದರ ಮಹಾದೊರೆಗಳ ಆಳಿಕೆಯು ಬೆಲಾರುಸ್ ಸೀಮೆಯನ್ನೆಲ್ಲಾ ಮತ್ತು ಉಕ್ರೇನಿನ ಬಹುಭಾಗವನ್ನು ಒಳಕೊಂಡು ಕಪ್ಪು ಸಮುದ್ರದ ಹತ್ತಿರದ ವರೆಗೆ ಚಾಚಿತ್ತು. ಅಲ್ಲಿಯ ಜನರ ಭಾಷೆಯು ಬಹು ಪುರಾತನವಾದದ್ದು, ಸಂಸ್ಕೃತಕ್ಕೆ ದೂರದ ಬಂಧು. ದೇವರಿಗೆ ಅವರು ದಿಯೆವಸ್ ಎನ್ನುತ್ತಾರೆ, ಬೆಂಕಿಗೆ ಉಗ್ನಿಸ್ ಎನ್ನುತ್ತಾರೆ, ಮಗನಿಗೆ ಸೂನುಸ್ ಎನ್ನುತ್ತಾರೆ. ನಮ್ಮಲ್ಲಿ ಹಳ್ಳಿಯ ಮಗುವಿಗೂ ದೇವ ಎಂಬ ಮಾತು ತಿಳಿದಿರುವದರಿಂದ ಇದನ್ನು ಇಲ್ಲಿ ಹೇಳಿದೆವು.

ಆ ದೇಶದ ಕುಲೀನರಿಗೆ ಬಯೋರರೆಂದು ಹೆಸರು. ಮೊದಲಲ್ಲಿ ಅವರು ಮಹಾದೊರೆಯ ದಂಡಾಳುಗಳೇ ಹೊರತು ಬೇರೆ ಅಲ್ಲ. ಅವನು ಕರೆದಾಗ ಕುದುರೆಯನ್ನೇರಿ ಯುದ್ಧಕ್ಕೆ ಹೋಗತಕ್ಕದ್ದು. ಅದಕ್ಕೆ ಪ್ರತಿಯಾಗಿ ಅವರಿಗೆ ಉಂಬಳಿಯ ಭೂಮಿಯಿರುತ್ತಿತ್ತು. ದೊರೆಯ ಚಿತ್ತಕ್ಕೆ ಬಾರದಿದ್ದರೆ ಆ ಉಂಬಳಿ ಹೋಗುತ್ತಿತ್ತು. ಯೂರೋಪಿನ ದೇಶಗಳೆಲ್ಲಾ ಕ್ರೈಸ್ತವಾದ ಮೇಲೆಯೂ ಬಹುಕಾಲ ಲಿಥುವೇನ್ಯರು ಸಿಡಿಲು, ಬೆಂಕಿ, ಓಕ್ ಮರಗಳ ತೋಪು ಇವುಗಳನ್ನು ಪೂಜಿಸುತ್ತಿದ್ದರು. 1386ರಲ್ಲಿ ಅವರ ಮಹಾದೊರೆ ಯೊಗೈಲನು ಪೋಲೆಂಡಿನ ರಾಣಿಯನ್ನು ಮದುವೆಯಾಗಿ ಆ ರಾಜ್ಯದ ಅರಸನಾಗುವದಕ್ಕೋಸ್ಕರ ದೀಕ್ಷಾಸ್ನಾನ ಹೊಂದಿದನು. 1387ರಲ್ಲಿ ತನ್ನ ಪ್ರಜೆಗಳಿಗೂ ಮಾಡಿಸಿದನು. ಜನರನ್ನು ಗುಂಪುಗುಂಪಾಗಿ ನಿಲ್ಲಿಸಿ ಗುಂಪಿಗೊಂದು ಹೆಸರಿಟ್ಟು ಸ್ನಾನ ಕೊಟ್ಟರೆಂದೂ, ಸ್ನಾನ ಹೊಂದಿದ ಬಡವರಿಗೆ ಪೋಲೆಂಡಿನಿಂದ ತಂದ ಬಿಳೀ ಉಣ್ಣೆಯ ಅಂಗಿಗಳನ್ನು ಹಂಚಿದರೆಂದೂ ಅಲ್ಲಿಯ ಪುರಾತನ ಚರಿತ್ರೆಕಾರನೊಬ್ಬನು ಬರೆದಿದ್ದಾನೆ. ಬಯೋರರಿಗೆ ಸಿಕ್ಕಿದ್ದು ಅಂಗಿಯಲ್ಲ. ಕ್ರೈಸ್ತರಾದ ಬಯೋರರು ತಮ್ಮ ಭೂಮಿಯನ್ನು ವಂಶಪಾರಂಪರ್ಯವಾಗಿ ಅನುಭವಿಸಬಹುದೆಂದು ಅದೇ ವರುಷ ಯೊಗೈಲನು ಸನ್ನದು ಕೊಟ್ಟನು. ನಮ್ಮ ಜನರಲ್ಲಿ ಕೆಲವರನ್ನು ನೋಡಿ, ಇವರು ಅನ್ನಕ್ಕಾಗಿ ಮತಾಂತರವಾದವರೆಂದು ನೆರೆಯವರು ಜರೆಯುವದುಂಟು. ಆ ದೇಶದಲ್ಲಾದರೋ ಬಡವನಿಗೆ ಸಿಕ್ಕಿದ ಅಂಗಿಗಿಂತ ಪ್ರಭುವಿಗೆ ಸಿಕ್ಕಿದ ಸನ್ನದು ಎಷ್ಟೋ ಪಾಲು ದೊಡ್ಡದಾಗಿತ್ತೆಂದು ನಾವು ನೋಡುತ್ತೇವೆ.

ಅಲ್ಲಿಂದ ಮುಂದೆ ಸನ್ನದಿನ ಮೇಲೆ ಸನ್ನದು ಬಂತು. 1413ರಲ್ಲಿ ಹೊರೊದ್ಲೋ ಎಂಬ ಊರಲ್ಲಿ ಕೂಡಿದ ಸಭೆಯಲ್ಲಿ ಪೋಲೆಂಡಿನ 47 ಕುಲಗಳವರು ಅಷ್ಟೇ ಮಂದಿ ಲಿಥುವೇನ್ಯ ಬಯೋರರನ್ನು ತಮ್ಮ ತಮ್ಮ ಮನೆತನದ ಲಾಂಛನಗಳಲ್ಲಿ ಪಾಲುಗಾರರನ್ನಾಗಿ ಮಾಡಿಕೊಂಡರು. ದೇಶದ ಉನ್ನತ ಉದ್ಯೋಗಗಳು ರೋಮನ್ ಸಭೆಯವರಿಗೆ ಮಾತ್ರ ದೊರೆಯತಕ್ಕದ್ದೆಂದು ಆಗಲೇ ಗೊತ್ತಾಯಿತು. ಗ್ರೀಕ್ ಸಭೆಗೆ ಸೇರಿದ ರುಥೇನ್ಯ ಕುಲೀನರು ಹೊರಗಾದರು. 1447ರಲ್ಲಿ ಮಹಾದೊರೆ ಕಜಿಮಿಯೆರನು ಕೊಟ್ಟ ಸನ್ನದಿನ ಪ್ರಕಾರ ಪ್ರಭುಗಳ ಒಕ್ಕಲುಗಳು ದೊರೆಗೆ ಕಂದಾಯ ಕೊಡಬೇಕಾದ್ದಿಲ್ಲ. ಅವರ ನ್ಯಾಯವನ್ನು ಅವರ ಪ್ರಭುವೇ ತೀರಿಸುವನು. ಒಬ್ಬನ ಒಕ್ಕಲು ಓಡಿಹೋದರೆ ದೊರೆಯಾಗಲಿ ಬೇರೆ ಪ್ರಭುವಾಗಲಿ ಅವನನ್ನು ಸೇರಿಸಿಕೊಳ್ಳಕೂಡದು. ಹೀಗೆ ಒಂದೇ ಕಾಗದವು ಬಯೋರನನ್ನು ಬಿಡುಗಡೆ ಮಾಡಿತು, ಒಕ್ಕಲಿಗನನ್ನು ಕಟ್ಟಿಹಾಕಿತು. ದಂಡಾಳಾಗಿದ್ದವನು ಒಡೆಯನಾದನು. ತಮಗೆ ಇಷ್ಟು ಮಾನ ಬಂದ ಮೇಲೆ ಅದಕ್ಕೆ ತಕ್ಕ ಪೂರ್ವಿಕರೂ ಬೇಕಷ್ಟೆ? ರೋಮ್ ನಗರದಿಂದ ಹಡಗುಗಳಲ್ಲಿ ಬಂದ ಪಲೆಮೋನನೆಂಬ ಪ್ರಭುವಿನ ಮತ್ತು ಅವನ ಸಂಗಡಿಗರ ಸಂತಾನದವರೇ ತಾವೆಂದು ಆ ಕುಲೀನರು ಕಥೆ ಕಟ್ಟಿಕೊಂಡರು. ಇದಕ್ಕೆ ಆಧಾರವೇನೂ ಇಲ್ಲ. ಆದರೂ ಬಹುಕಾಲ ಇದನ್ನು ನಿಜವೆಂದೇ ನಂಬಿದರು.

ಇಂಥ ಕುಲೀನರಲ್ಲಿ ರಾದ್ವಿಲಾ ಮನೆತನವು ಮುಂದೆ ನಿಂತಿತು. ಯುದ್ಧಕ್ಕೆ ಯಾರು ಎಷ್ಟು ಸವಾರರನ್ನು ಕಳುಹಿಸತಕ್ಕದ್ದೆಂದು 1528ರಲ್ಲಿ ಬರೆದ ಪಟ್ಟಿಯಲ್ಲಿ ಈ ಒಂದು ಮನೆತನದ ಪಾಲು 700 ಸವಾರರಿಗಿಂತ ಹೆಚ್ಚು. ಎಂಟು ಒಕ್ಕಲು ಮನೆಗಳಿಗೆ ಒಬ್ಬ ಸವಾರನೆಂಬದು ಆಗಿನ ಲೆಕ್ಕ. ಇದರಿಂದ ಅವರ ಭೂಮಿಯ ವಿಸ್ತಾರವನ್ನು ವಾಚಕರು ಊಹಿಸಬಹುದು. ಅದೇ ಪಟ್ಟಿಯಲ್ಲಿ, ಒಕ್ಕಲೊಂದೂ ಇಲ್ಲದೆ ತಾನೇ ತನ್ನ ಕುದುರೆಯನ್ನೇರಿ ಬರತಕ್ಕ ಬಡ ಬಯೋರರ ಹೆಸರುಗಳು ಸಾವಿರಾರು. ಕತ್ತಿಯನ್ನು ಗೋಡೆಗೆ ತೂಗಹಾಕಿ ತನ್ನ ಕೈಯಿಂದಲೇ ನೇಗಿಲು ಹಿಡಿಯುವ ಇವನೂ ಕುಲೀನನೇ, ರಾದ್ವಿಲಾ ಪ್ರಭುವೂ ಕುಲೀನನೇ. ಹೆಸರು ಒಂದಾಗಿದ್ದರೂ ಜೀವನವು ಒಂದಾಗಿರಲಿಲ್ಲ.

ನಮ್ಮ ಮಿಕಲೋಯುಸನು 1515ನೇ ಇಸವಿ ಫೆಬ್ರವರಿ 4ರಲ್ಲಿ ನೆಸ್ವಿಜ್ ಎಂಬ ಊರಲ್ಲಿ ಹುಟ್ಟಿದನು. ಈ ಊರು ಈಗ ಬೆಲಾರುಸಿನಲ್ಲಿದೆ. ಅವನು ಏಳು ವರುಷದವನಾಗಿದ್ದಾಗ ತಂದೆಯಾದ ಯೋನಾಸನು ತೀರಿಹೋದನು. ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳಲ್ಲಿ ಇದೇ ಹೆಸರಿನವನು ಇನ್ನೊಬ್ಬನಿದ್ದುದರಿಂದ ಗಡ್ಡ ಕೂದಲುಗಳ ಬಣ್ಣವನ್ನು ನೋಡಿ ಜನರು ಇವನನ್ನು ಕರಿಯ ರಾದ್ವಿಲಾ ಎಂದೂ ಅವನನ್ನು ಕೆಂಪು ರಾದ್ವಿಲಾ ಎಂದೂ ಕರೆದರು. ಕರಿಯನು ಅರಮನೆಯಲ್ಲಿ ಯುವರಾಜನಾದ ಸಿಗಿಸ್ಮುಂದ್ ಔಗುಸ್ತನ ಒಡನಾಡಿಯಾದನು. ಈ ಸ್ನೇಹವು ಕಡೆಯ ತನಕ ಉಳಿಯಿತು. 1544ರಲ್ಲಿ ಅವನು ದೇಶದ ಮಹಾ ಮಾರ್ಷಲನಾದನು. 1550ರಲ್ಲಿ ಮಹಾದೊರೆಯ ಮೊಹರನ್ನು ಇಟ್ಟುಕೊಳ್ಳುವ ಚಾನ್ಸಲರನಾದನು. 1551ರಲ್ಲಿ ವಿಲ್ನಿಯುಸ್ ರಾಜಧಾನಿಯ ಅಧಿಪತಿಯೂ ಆದನು. 1547ರಲ್ಲಿ ಜರ್ಮನ್ ಚಕ್ರವರ್ತಿಯಾದ ಐದನೇ ಕಾರ್ಲನು ಅವನಿಗೆ ರಾಜಪ್ರಭುವೆಂಬ ಬಿರುದನ್ನು ಕೊಟ್ಟನು. ಕುಲೀನರೆಲ್ಲರೂ ಸಮಾನರೆಂದು ಹೇಳಿಕೊಳ್ಳುತ್ತಿದ್ದ ಸಣ್ಣ ಬಯೋರರಿಗೆ ಈ ಬಿರುದು ಹಿಡಿಸಲಿಲ್ಲ.

ಅದೇ ವರುಷದಲ್ಲಿ ಇನ್ನೊಂದು ಸಂಗತಿ ನಡೆಯಿತು. ಕೆಂಪು ರಾದ್ವಿಲನ ತಂಗಿಯಾದ ಬಾರ್ಬೊರಾ ಎಂಬ ವಿಧವೆಯನ್ನು ಸಿಗಿಸ್ಮುಂದ್ ಔಗುಸ್ತನು ಗುಟ್ಟಾಗಿ ಮದುವೆಯಾದನು. ಪ್ರಜೆಯ ಮನೆಯ ಹೆಣ್ಣು ರಾಣಿಯಾಗುವದು ತಾಯಿಯಾದ ಬೋನಾ ರಾಣಿಗೂ ಪೋಲೆಂಡಿನ ಪ್ರಭುಗಳಿಗೂ ಸಹಿಸದಾಯಿತು. ಇಬ್ಬರು ರಾದ್ವಿಲರೂ ಸೇರಿ ಈ ಮದುವೆಯನ್ನು ಕೂಡಿಸಿ ಕಾಪಾಡಿದರು. 1550ರ ಡಿಸೆಂಬರಿನಲ್ಲಿ ಅವಳಿಗೆ ಕಿರೀಟಧಾರಣೆಯಾಯಿತು. ಸುಮಾರು ಐದು ತಿಂಗಳಾದ ಮೇಲೆ, 1551ರ ಮೇ ತಿಂಗಳಲ್ಲಿ, ಅವಳು ರೋಗದಿಂದ ತೀರಿಹೋದಳು. ಅರಸನು ಅವಳ ಶವದ ಸಂಗಡ ಕ್ರಾಕೋವಿನಿಂದ ವಿಲ್ನಿಯುಸಿನ ವರೆಗೆ ಪ್ರಯಾಣಮಾಡಿದನು. ಮನೆತನದ ಹೆಚ್ಚಳಿಕೆಗಾಗಿ ಅವಳ ಅಣ್ಣಂದಿರು ಇಷ್ಟೆಲ್ಲಾ ಮಾಡಿದರೆಂಬದರಲ್ಲಿ ಸಂದೇಹವಿಲ್ಲ. ಕರಿಯ ರಾದ್ವಿಲನನ್ನು ಸಂತನನ್ನಾಗಿ ಚಿತ್ರಿಸಲು ನಮಗೆ ಮನಸ್ಸಿಲ್ಲ. ಅವನು ಮಾನವನ್ನೂ ಅಧಿಕಾರವನ್ನೂ ಬಹಳವಾಗಿ ಪ್ರೀತಿಸಿದನು.

ಆದರೆ ಇಂಥವನ ಹೃದಯವನ್ನೂ ದೇವರ ವಾಕ್ಯವು ಮುಟ್ಟಿತು. ಪಕ್ಕದ ಪ್ರಶ್ಯ ಸೀಮೆಯ ದೊರೆಯಾದ ಆಲ್ಬ್ರೆಖ್ತನು 1525ರಲ್ಲಿಯೇ ಲೂಥರನ ಉಪದೇಶವನ್ನು ಅಂಗೀಕರಿಸಿದ್ದನು. 1544ರಲ್ಲಿ ಕೋನಿಗ್ಸ್‌ಬೆರ್ಗ್ ಪಟ್ಟಣದಲ್ಲಿ ವಿಶ್ವವಿದ್ಯಾಲಯವನ್ನೂ ಸ್ಥಾಪಿಸಿದನು. ಅವನಿಗೂ ರಾದ್ವಿಲನಿಗೂ ಕಾಗದ ವ್ಯವಹಾರವಿತ್ತು. 1553ರ ಸುಮಾರಿಗೆ ರಾದ್ವಿಲನು ರೋಮನ್ ಸಭೆಯನ್ನು ಬಿಟ್ಟನು. ಮೊದಲು ಲೂಥರನ ಬೋಧನೆಗೆ ಒಲಿದನು, ಆಮೇಲೆ ಕಾಲ್ವಿನನ ಬೋಧನೆಗೆ ಸೇರಿದನು. ತನ್ನ ಅಧಿಕಾರದಲ್ಲಿದ್ದ ಬ್ರೆಸ್ತ್ ಪಟ್ಟಣದಲ್ಲಿ ಸಭೆಯನ್ನೂ ಮುದ್ರಣಶಾಲೆಯನ್ನೂ ಸ್ಥಾಪಿಸಿದನು. ನೆಸ್ವಿಜಿನಲ್ಲಿಯೂ ಕ್ಲೆತ್ಸ್ಕಿನಲ್ಲಿಯೂ ದೇವಾಲಯಗಳನ್ನು ಸುಧಾರಣೆಯ ಬೋಧಕರಿಗೆ ಒಪ್ಪಿಸಿದನು. ವಿಲ್ನಿಯುಸಿನಲ್ಲಿ, ಪಟ್ಟಣದ ಹೊರಗೆ ಲುಕಿಷ್ಕೆ ಎಂಬಲ್ಲಿದ್ದ ಅವನ ಅರಮನೆಯೇ ಪ್ರಾರ್ಥನಾಲಯವಾಯಿತು. ಅವನ ಹೆಂಡತಿಯಾದ ಎಲ್ಜ್ಬಿಯೆತಾ ಈ ಕಾರ್ಯದಲ್ಲಿ ಗಂಡನ ಸಂಗಡ ನಿಂತಳು. 1557ರ ಡಿಸೆಂಬರಿನಲ್ಲಿ ವಿಲ್ನಿಯುಸಿನಲ್ಲಿ ಸುಧಾರಣೆಯ ಸಭೆಯವರ ಸಿನೊದು ಕೂಡಿತು.

ರೋಮ್ ಸುಮ್ಮನಿರಲಿಲ್ಲ. ಪಾಪನ ರಾಯಭಾರಿಯಾದ ಲಿಪ್ಪೊಮಾನೋ ಎಂಬ ಬಿಷಪನು 1556ರಲ್ಲಿ ರಾದ್ವಿಲನಿಗೆ ಕಾಗದ ಬರೆದು, ಹಿಂದಕ್ಕೆ ಬರಬೇಕೆಂದು ಹೊಗಳಿಕೆಯಿಂದಲೂ ಎಚ್ಚರಿಕೆಯಿಂದಲೂ ಬೇಡಿಕೊಂಡನು. ರಾದ್ವಿಲನು ಸತ್ಯವೇದದ ಆಧಾರದ ಮೇಲೆ ದೀರ್ಘವಾದ ಉತ್ತರವನ್ನು ಕಳುಹಿಸಿ, ಎರಡು ಕಾಗದಗಳನ್ನೂ ಅಚ್ಚು ಹಾಕಿಸಿ ಲೋಕಕ್ಕೆ ತಿಳಿಯಪಡಿಸಿದನು. ಉತ್ತರವನ್ನು ಬರೆಯುವದರಲ್ಲಿ, ಹಿಂದೆ ತಾನೇ ಬಿಷಪನಾಗಿದ್ದು ಸುಧಾರಣೆಗೆ ಸೇರಿದ ವೆರ್ಜೇರಿಯೋ ಎಂಬ ಇಟಲಿಯವನ ಸಹಾಯವಿತ್ತು. ಜಿನೀವದ ಕಾಲ್ವಿನನು ಅಪೊಸ್ತಲರ ಕೃತ್ಯಗಳ ಮೇಲೆ ತಾನು ಬರೆದ ವ್ಯಾಖ್ಯಾನದ ಎರಡನೇ ಮುದ್ರಣವನ್ನು 1560ರಲ್ಲಿ ಇವನಿಗೇ ಅರ್ಪಿಸಿದನು. ಅದೇ ಅರ್ಪಣೆಯಲ್ಲಿ ಒಂದು ಬುದ್ಧಿವಾದವೂ ಸೇರಿತ್ತು. ರಾದ್ವಿಲನ ಆಶ್ರಯದಲ್ಲಿ ಬ್ಲಾಂದ್ರಾತಾ ಎಂಬ ಇಟಲಿಯ ವೈದ್ಯನಿದ್ದನು. ಅವನು ತ್ರಯೇಕತ್ವದ ಉಪದೇಶವನ್ನು ಒಪ್ಪದವನು. ಇವನ ವಿಷಯದಲ್ಲಿ ಎಚ್ಚರವಾಗಿರಬೇಕೆಂದು ಕಾಲ್ವಿನನು ತಿಳಿಸಿದನು. ರಾದ್ವಿಲನು ಇದಕ್ಕೆ ಒಡಂಬಡಲಿಲ್ಲ. 1561ರಲ್ಲಿ ಚೆಖೊವಿತ್ಸ್ ಎಂಬ ಬೋಧಕನನ್ನು ಜಿನೀವದ ವರೆಗೆ ಕಳುಹಿಸಿ ಇಬ್ಬರಿಗೂ ಸಮಾಧಾನ ಮಾಡಿಸಲು ಪ್ರಯತ್ನಿಸಿದನು. ಸಮಾಧಾನವಾಗಲಿಲ್ಲ. ಚೆಖೊವಿತ್ಸನು ತಾನೇ ಆ ಬೇರೆ ಉಪದೇಶದ ಕಡೆಗೆ ಹೋದನು. ಅತಿಥಿಯನ್ನು ಕೈಬಿಡಬಾರದೆಂಬ ಪ್ರಭುವಿನ ಅಭಿಮಾನವು ಇಲ್ಲಿ ಸಭೆಯ ಐಕ್ಯಕ್ಕೆ ಕೇಡಾಯಿತೆಂದು ನಮಗೆ ತೋರುತ್ತದೆ.

ರಾದ್ವಿಲನ ಕೆಲಸಗಳಲ್ಲಿ ಶ್ರೇಷ್ಠವಾದದ್ದು ಸತ್ಯವೇದದ ಮುದ್ರಣ. ಪೋಲೆಂಡಿನ ಪಿಂಚುವ್ ಎಂಬ ಊರಲ್ಲಿ ಕೂಡಿದ ಹಲವು ಪಂಡಿತರು ಇಬ್ರಿಯ ಗ್ರೀಕ್ ಮೂಲಗಳನ್ನು ನೋಡಿ ಇಡೀ ಸತ್ಯವೇದವನ್ನು ಪೋಲಿಷ್ ಭಾಷೆಗೆ ತಿರುಗಿಸಿದರು. ಅದು 1563ರಲ್ಲಿ ಬ್ರೆಸ್ತಿನಲ್ಲಿ ರಾದ್ವಿಲನ ಖರ್ಚಿನಿಂದ ಅಚ್ಚಾಗಿ ಹೊರಬಿತ್ತು. ದೊಡ್ಡ ಹಾಳೆಯ, ಚಿತ್ರಗಳುಳ್ಳ, ಬಹು ಅಂದವಾದ ಪುಸ್ತಕ. ಅರಸನಿಗೆ ಅದನ್ನು ಅರ್ಪಿಸಿ, ಅವನೂ ಸುಧಾರಣೆಗೆ ಸೇರಬೇಕೆಂದು ರಾದ್ವಿಲನು ಬಿನ್ನವಿಸಿಕೊಂಡನು. ಅರಸನು ಸೇರಲಿಲ್ಲ, ತಡೆಯಲೂ ಇಲ್ಲ.

ಈ ಸತ್ಯವೇದವು ಯಾವ ಭಾಷೆಯಲ್ಲಿತ್ತೆಂಬದನ್ನು ವಾಚಕರು ಗಮನಿಸಬೇಕು. ಅದು ಲಿಥುವೇನ್ಯ ಭಾಷೆಯಲ್ಲಿರಲಿಲ್ಲ. ಆ ಕಾಲಕ್ಕೆ ದೊಡ್ಡ ಪ್ರಭುಗಳ ಮನೆಗಳಲ್ಲಿ ಪೋಲಿಷ್ ಮಾತು ನೆಲೆಗೊಂಡಿತ್ತು. ಕರಿಯ ರಾದ್ವಿಲನು ಕೆಂಪು ರಾದ್ವಿಲನಿಗೆ ಬರೆದ ಕಾಗದಗಳೂ ಪೋಲಿಷಿನಲ್ಲಿಯೇ ಇವೆ. ಸರಕಾರದ ದಫ್ತರವು ರುಥೇನ್ಯ ಭಾಷೆಯಲ್ಲಿ ನಡೆಯುತ್ತಿತ್ತು. ಲಿಥುವೇನ್ಯ ಮಾತು ಹೊಲದಲ್ಲಿಯೂ ಕೊಟ್ಟಿಗೆಯಲ್ಲಿಯೂ ಇತ್ತು. ಆ ಮಾತಿನ ಮೊದಲನೇ ಅಚ್ಚಿನ ಪುಸ್ತಕವು 1547ರಲ್ಲಿ ಹೊರಟಿತು. ಅದು ಹಾಡುಗಳು ಸೇರಿದ ಒಂದು ಚಿಕ್ಕ ಕಟೆಕಿಸಮು. ಬರೆದವನು ಮಾರ್ತಿನಸ್ ಮಜ್ವೀದಸನೆಂಬ ಲೂಥರನ್ ಬೋಧಕ. ಆದರೆ ಅಚ್ಚಾದದ್ದು ಲಿಥುವೇನ್ಯ ದೇಶದಲ್ಲಿ ಅಲ್ಲ, ಪ್ರಶ್ಯದ ಕೋನಿಗ್ಸ್‌ಬೆರ್ಗಿನಲ್ಲಿ; ಹಣ ಕೊಟ್ಟವನು ಆಲ್ಬ್ರೆಖ್ತ ದೊರೆ. ಇಡೀ ಸತ್ಯವೇದವು ಲಿಥುವೇನ್ಯ ಮಾತಿನಲ್ಲಿ ಅಚ್ಚಾಗಿ ಬಂದದ್ದು 1735ರಲ್ಲಿ, ಅದೂ ಕೋನಿಗ್ಸ್‌ಬೆರ್ಗಿನಲ್ಲಿಯೇ. ಪ್ರಭುವಿನ ಮೇಜಿನ ಮೇಲೆ ದೇವರ ವಾಕ್ಯವು ತೆರೆದ ಮೇಲೆ ಒಕ್ಕಲಿಗನ ಗುಡಿಸಲಿಗೆ ಅದು ಬರಲು 172 ವರುಷ ಹಿಡಿಯಿತು. ತಾಯಿಯ ಮಾತಿನಲ್ಲಿ ಓದುವವರಾದ ನಾವು ಇದನ್ನು ಓದಿ ಸುಮ್ಮನೆ ಮುಂದೆ ಹೋಗಲಾರೆವು. ಆದರೂ ನ್ಯಾಯವಾಗಿ ಹೇಳಬೇಕಾದರೆ, ರಾದ್ವಿಲನ ನೆಸ್ವಿಜಿನಲ್ಲಿ 1562ರಲ್ಲಿ ಸಿಮೋನ್ ಬುದ್ನಿ ಎಂಬವನು ರುಥೇನ್ಯ ಭಾಷೆಯ ಕಟೆಕಿಸಮನ್ನು ಅಚ್ಚು ಹಾಕಿಸಿದನು. ಅದು ಆ ಮಾತನ್ನಾಡುವ ಸಾಮಾನ್ಯ ಜನರಿಗೂ ಮಕ್ಕಳಿಗೂ ಎಂದೇ ಬರೆದದ್ದು. ಬಡವರ ನೆನಪು ಆ ಮನೆಯಲ್ಲಿ ಸಂಪೂರ್ಣವಾಗಿ ಇಲ್ಲದೆ ಹೋಗಿರಲಿಲ್ಲ.

ಆ ಒಕ್ಕಲಿಗನ ಸ್ಥಿತಿಯು ಆಗ ಹೇಗಿತ್ತು? 1557ರಲ್ಲಿ ಅರಸನು ತನ್ನ ಭೂಮಿಯನ್ನೆಲ್ಲಾ ಅಳತೆ ಮಾಡಿಸಿ, ಸುಮಾರು 50 ಎಕರೆಯ ವಲಾಕವೆಂಬ ತುಂಡುಗಳನ್ನಾಗಿ ಹಂಚಿ, ಹಳ್ಳಿಗಳನ್ನು ಸಾಲುಬೀದಿಗಳಾಗಿ ಕಟ್ಟಿಸಿದನು. ವಲಾಕಕ್ಕೆ ವಾರದಲ್ಲಿ ಎರಡು ದಿವಸ ಒಡೆಯನ ಹೊಲದಲ್ಲಿ ಬಿಟ್ಟಿ ಕೆಲಸವೆಂದು ನೇಮಕವಾಯಿತು. ಪ್ರಭುಗಳೂ ತಮ್ಮ ಭೂಮಿಯಲ್ಲಿ ಇದನ್ನೇ ನಡಿಸಿದರು. ಹೊರಜಗತ್ತಿನ ಪೇಟೆಗಳಲ್ಲಿ ರೈ ಧಾನ್ಯಕ್ಕೆ ಬೆಲೆಯೇರುತ್ತಾ ಹೋದ ಹಾಗೆ ಬಿಟ್ಟಿಯ ದಿವಸಗಳೂ ಏರಿದವು. ಒಡೆಯನು ಮತ ಬದಲಾಯಿಸಿದಾಗ ಹಳ್ಳಿಯ ಗುಡಿಯ ಪೂಜಾರಿ ಹೋಗಿ ಬೋಧಕನು ಬಂದನು; ಆದರೆ ಬಂದವನು ಪೋಲಿಷಿನಲ್ಲಿ ಪ್ರಸಂಗ ಮಾಡಿದರೆ ಒಕ್ಕಲಿಗನಿಗೆ ಏನು ತಿಳಿಯಬೇಕು? ಸುವಾರ್ತೆಯ ಒಳ್ಳೇ ಸುದ್ದಿಯು ಅವನ ಬಿಟ್ಟಿಯಲ್ಲಿ ಒಂದು ದಿವಸವನ್ನಾದರೂ ಕಡಿಮೆ ಮಾಡಿತೆಂದು ಹೇಳಲಾರೆವು. ಮೇಣದ ಬತ್ತಿಗಳೂ ಹಬ್ಬಗಳೂ ಹೋದದ್ದು ಮಾತ್ರ ಅವನ ಕಣ್ಣಿಗೆ ಬಿತ್ತು.

ರಾಜ್ಯಕಾರ್ಯಗಳಲ್ಲಿ ರಾದ್ವಿಲನು ಸಮರ್ಥನಾಗಿದ್ದನು. 1561ರಲ್ಲಿ ಲಿವೋನ್ಯ ಸೀಮೆಯು ಮಸ್ಕೋವಿಯ ಅರಸನಾದ ನಾಲ್ಕನೇ ಇವಾನನಿಗೆ ಹೆದರಿ ಸಿಗಿಸ್ಮುಂದ್ ಔಗುಸ್ತನ ಆಶ್ರಯಕ್ಕೆ ಬಂತು. ಮರುವರುಷ ರೀಗಾ ಪಟ್ಟಣದಲ್ಲಿ ಅರಸನ ಪರವಾಗಿ ಪ್ರಮಾಣ ಮಾಡಿಸಿಕೊಂಡವನು ರಾದ್ವಿಲನೇ. ಆದರೆ 1563ರ ಫೆಬ್ರವರಿಯಲ್ಲಿ ಪೊಲೊತ್ಸ್ಕ್ ಕೋಟೆಯು ಇವಾನನ ವಶವಾಯಿತು. ಯುದ್ಧದ ಭಾರವು ಸಣ್ಣ ಬಯೋರರ ಮೇಲೆ ಬಿದ್ದಿತ್ತು. ಪೋಲೆಂಡಿನಲ್ಲಿ ಸಣ್ಣ ಕುಲೀನರು ಸಹ ನ್ಯಾಯಾಧಿಪತಿಗಳನ್ನು ಆರಿಸುತ್ತಾರೆ, ಅರಸನ ಸಭೆಗೆ ತಮ್ಮವರನ್ನು ಕಳುಹಿಸುತ್ತಾರೆ; ನಮ್ಮಲ್ಲಿ ರಾದ್ವಿಲರಂಥ ನಾಲ್ಕಾರು ಮನೆಗಳೇ ಎಲ್ಲವನ್ನೂ ನಡಿಸುತ್ತವೆ ಎಂಬದು ಅವರ ದೂರು. 1562ರಲ್ಲಿ ವಿತೆಬ್ಸ್ಕಿನ ಬಳಿ ಪಾಳೆಯದಲ್ಲಿ ಕೂಡಿದ್ದ ಅವರು ಪೋಲೆಂಡಿನ ಸಂಗಡ ಒಂದಾಗಬೇಕೆಂದು ಅರಸನನ್ನು ಬೇಡಿಕೊಂಡರು. ರಾದ್ವಿಲನು ಜೀವಮಾನವೆಲ್ಲಾ ಇದಕ್ಕೆ ವಿರೋಧವಾಗಿ ನಿಂತನು. ಲಿಥುವೇನ್ಯವು ತನ್ನ ಹೆಸರನ್ನೂ ನ್ಯಾಯಪ್ರಮಾಣವನ್ನೂ ಕಳಕೊಳ್ಳಬಾರದೆಂಬದು ಅವನ ಛಲ. ಅದರಲ್ಲಿ ದೇಶಾಭಿಮಾನವೆಷ್ಟು, ತನ್ನ ಮನೆತನದ ಯಜಮಾನಿಕೆಯ ಆಶೆಯೆಷ್ಟು ಎಂದು ಬೇರ್ಪಡಿಸುವದು ಕಷ್ಟ. ಮಾತಿನಲ್ಲಿ ಪೋಲಿಷನಾಗಿಯೂ ಮನಸ್ಸಿನಲ್ಲಿ ಲಿಥುವೇನ್ಯನಾಗಿಯೂ ಇರುವದು ಆಗಿನ ಕುಲೀನರಿಗೆ ವಿಚಿತ್ರವಾಗಿ ತೋರಲಿಲ್ಲ.

1563ರ ಜೂನ್ ತಿಂಗಳಲ್ಲಿ ಅರಸನು ವಿಲ್ನಿಯುಸಿನಲ್ಲಿ ಕೊಟ್ಟ ಸನ್ನದು ಹೊರೊದ್ಲೋವಿನ ಹಳೆಯ ನಿಬಂಧನೆಯನ್ನು ತೆಗೆದುಹಾಕಿತು. ಇನ್ನು ಮೇಲೆ ಕ್ರೈಸ್ತನಾದ ಯಾವ ಕುಲೀನನೂ, ಅವನು ರೋಮನನಾಗಲಿ ಗ್ರೀಕನಾಗಲಿ ಸುಧಾರಣೆಯವನಾಗಲಿ, ದೇಶದ ಯಾವ ಉದ್ಯೋಗಕ್ಕಾದರೂ ಬರಬಹುದು. ಚಾನ್ಸಲರನಾದ ರಾದ್ವಿಲನ ಪ್ರಯತ್ನದ ಫಲವೇ ಇದೆಂದು ಹೇಳುತ್ತಾರೆ. ಮತಭೇದಕ್ಕಾಗಿ ಯೂರೋಪಿನಲ್ಲೆಲ್ಲಾ ಮನುಷ್ಯರನ್ನು ಸುಡುತ್ತಿದ್ದ ಕಾಲದಲ್ಲಿ ಇದು ಚಿಕ್ಕ ಕಾರ್ಯವಲ್ಲ. ಕುಲೀನನಲ್ಲದವನಿಗೆ ಮಾತ್ರ ಅದರಲ್ಲಿ ಒಂದು ಗೆರೆಯೂ ಇರಲಿಲ್ಲ.

1565ನೇ ಇಸವಿ ಮೇ ತಿಂಗಳ ಕೊನೆಯಲ್ಲಿ, ಐವತ್ತು ವರುಷದವನಾಗಿದ್ದ ರಾದ್ವಿಲನು ಲುಕಿಷ್ಕೆಯ ಮನೆಯಲ್ಲಿ ತೀರಿಹೋದನು. ಹೆಂಡತಿಯು ಮೂರು ವರುಷ ಮುಂಚೆಯೇ ಹೋಗಿದ್ದಳು. ಹಿರಿಯ ಮಗನಾದ ಮಿಕಲೋಯುಸ್ ಕ್ರಿಸ್ತುಪಸನಿಗೆ ಆಗ ಹದಿನೈದು ವರುಷ. ಕಿರಿಯರು ಇನ್ನೂ ಹುಡುಗರು. ಹಿರಿಯನು ಜರ್ಮನಿಯ ಸುಧಾರಣೆಯ ಶಾಲೆಗಳಲ್ಲಿ ಓದಿದ್ದನು. ಆದರೂ 1567ರಲ್ಲಿ ಅವನು ರೋಮನ್ ಸಭೆಗೆ ಸೇರಿದನು; ಆಮೇಲೆ ತಮ್ಮಂದಿರು ಮೂವರೂ ಅಣ್ಣನ ಹಿಂದೆ ಹೋದರು. ಅವರಲ್ಲಿ ಯುರ್ಗಿಸನೆಂಬವನು ವಿಲ್ನಿಯುಸಿನ ಬಿಷಪನೂ ಕಾರ್ದಿನಲನೂ ಆದನು. 1581ರಲ್ಲಿ ಅವನು ವಿಲ್ನಿಯುಸಿನಲ್ಲಿ ಸುಧಾರಣೆಯವರ ಪುಸ್ತಕಗಳನ್ನು ಸುಡಿಸಿದಾಗ, ರೋಮನ್ ಸಭೆಯವನೇ ಆಗಿದ್ದ ಅರಸ ಸ್ತೆಫಾನ್ ಬಾತೋರಿಯು ಸಹ ಮೆಚ್ಚಲಿಲ್ಲ. ಹಿರಿಯನು ತಂದೆಯು ಅಚ್ಚು ಹಾಕಿಸಿದ ಬ್ರೆಸ್ತಿನ ಸತ್ಯವೇದದ ಪ್ರತಿಗಳನ್ನು ಸಿಕ್ಕಿದಲ್ಲೆಲ್ಲಾ ಕೊಂಡು ಬೆಂಕಿಗೆ ಹಾಕಿಸಿದನೆಂದು ಹೇಳುತ್ತಾರೆ. ತಂದೆಯ ಹಣದಿಂದ ಅಚ್ಚಾದದ್ದು ಮಗನ ಹಣದಿಂದ ಸುಟ್ಟುಹೋಯಿತು. ಆದರೂ ಎಲ್ಲವೂ ಸುಡಲಿಲ್ಲ. ಕೆಲವು ಪ್ರತಿಗಳು ಈ ಹೊತ್ತಿಗೂ ಪುಸ್ತಕಾಲಯಗಳಲ್ಲಿವೆ. ಈ ಮಗನು ಕಪಟಿಯಾಗಿದ್ದನೆಂದು ನಾವು ಹೇಳುವದಿಲ್ಲ. ಅವನು ಭಕ್ತಿಯಿಂದಲೇ ಯೆರೂಸಲೇಮಿಗೆ ಯಾತ್ರೆ ಹೋಗಿಬಂದನು. ಆ ಯಾತ್ರೆಯ ಪುಸ್ತಕವನ್ನು ಯೂರೋಪಿನಲ್ಲಿ ಬಹುಜನರು ಓದಿದರು. ಯೆಹೋಯಾದನು ಬದುಕಿರುವ ತನಕ ಯೋವಾಷನು ನೆಟ್ಟಗೆ ನಡೆದನೆಂದು ಪೂರ್ವಕಾಲದ ವೃತ್ತಾಂತದಲ್ಲಿ ಓದುವಾಗ ನಮಗೆ ಈ ಮನೆಯ ನೆನಪು ಬರುತ್ತದೆ.

ಈ ಮಕ್ಕಳು ಹೋದದ್ದಕ್ಕೆ ಕಾರಣ ಅವರ ಮನಸ್ಸು ಮಾತ್ರವಲ್ಲ, ಕಾಲವೂ ತಿರುಗಿತ್ತು. 1569ರಲ್ಲಿ ಯೇಸುಸಭೆಯವರು ವಿಲ್ನಿಯುಸಿಗೆ ಬಂದರು; 1570ರಲ್ಲಿ ಶಾಲೆ ತೆರೆದರು; 1579ರಲ್ಲಿ ಅದು ವಿಶ್ವವಿದ್ಯಾಲಯವಾಯಿತು. ಶುಲ್ಕವಿಲ್ಲದ, ಒಳ್ಳೇ ಶಿಸ್ತಿನ ಶಾಲೆ. ಸುಧಾರಣೆಯವರೂ ತಮ್ಮ ಹುಡುಗರನ್ನು ಅಲ್ಲಿಗೇ ಕಳುಹಿಸಿದರು. 1569ರ ಜುಲೈ 1ರಲ್ಲಿ ಲೂಬ್ಲಿನಿನಲ್ಲಿ ಲಿಥುವೇನ್ಯವೂ ಪೋಲೆಂಡೂ ಒಂದೇ ರಾಜ್ಯವಾದವು. ಕೆಂಪು ರಾದ್ವಿಲನು ವಿರೋಧಿಸಿ ಸಭೆಯನ್ನು ಬಿಟ್ಟು ಹೊರಟುಹೋಗಿದ್ದನು; ಅದರಿಂದ ಏನೂ ನಿಲ್ಲಲಿಲ್ಲ. ಖೊದ್ಕೆವಿಚ್, ಸಪೇಗಾ ಮುಂತಾದ ದೊಡ್ಡ ಮನೆತನದವರು ಒಬ್ಬೊಬ್ಬರಾಗಿ ಸುಧಾರಣೆಯನ್ನು ಬಿಟ್ಟರು. ಒಡೆಯನು ಹಿಂದಿರುಗಿದಲ್ಲಿ ಬೋಧಕನು ಹೊರಗಾದನು, ಪೂಜಾರಿ ಒಳಗಾದನು. ಒಂದು ತಲೆಮಾರಿನ ಹಿಂದೆ ಯಾವ ಬಾಗಿಲಿನಿಂದ ಸುಧಾರಣೆಯು ಬಂದಿತ್ತೋ ಅದೇ ಬಾಗಿಲಿನಿಂದ ಹೋಯಿತು. ಎರಡು ಸಾರಿಯೂ ಹಳ್ಳಿಯವರನ್ನು ಯಾರೂ ಕೇಳಲಿಲ್ಲ.

ಕೆಂಪು ರಾದ್ವಿಲನ ಸಂತತಿಯವರು ಹಾಗಲ್ಲ. ಅವರು ದೇಶದ ಉತ್ತರದಲ್ಲಿರುವ ಬಿರ್ಜೈ ಸೀಮೆಯಲ್ಲಿಯೂ, ಕೆದೈನೈ ಪಟ್ಟಣದಲ್ಲಿಯೂ ನಾಲ್ಕು ತಲೆಮಾರು ಸುಧಾರಣೆಯಲ್ಲಿ ನಿಂತರು. ಕಾಲವು ಅವರಿಗೆ ಕಠಿಣವಾಗುತ್ತಾ ಹೋಯಿತು. 1640ರಲ್ಲಿ ವಿಲ್ನಿಯುಸಿನ ಸುಧಾರಣೆಯ ದೇವಾಲಯವನ್ನು ಪಟ್ಟಣದ ಗೋಡೆಯ ಹೊರಕ್ಕೆ ಹಾಕಿದರು. 1655ರಲ್ಲಿ ಈ ವಂಶದ ಯೋನುಷಸ್ ರಾದ್ವಿಲನು ಮಸ್ಕೋವಿಯ ದಂಡಿಗೆ ಹೆದರಿ ಸ್ವೀಡನಿನ ಅರಸನೊಂದಿಗೆ ಒಪ್ಪಂದ ಮಾಡಿಕೊಂಡದ್ದರಿಂದ, ಸುಧಾರಣೆಯವರೆಲ್ಲರೂ ದ್ರೋಹಿಗಳೆಂಬ ಅಪವಾದವೂ ಬಂತು. 1695ರಲ್ಲಿ ಆ ವಂಶದ ಕೊನೆಯ ಹೆಣ್ಣುಮಗಳು ತೀರಿಹೋದಳು. ಆದರೆ ಈ ಶಾಖೆಯವರ ಆಶ್ರಯದಲ್ಲಿ ಲಿಥುವೇನ್ಯ ಮಾತನ್ನಾಡುವ ಬೋಧಕರು ಹಳ್ಳಿಗಳಲ್ಲಿ ಕೆಲಸ ಮಾಡಿದ್ದರು. 1653ರಲ್ಲಿ ಕೆದೈನೈಯಲ್ಲಿ ಹಾಡುಗಳೂ ಪ್ರಾರ್ಥನೆಗಳೂ ಕಟೆಕಿಸಮೂ ಸೇರಿದ ಪುಸ್ತಕವು ಆ ಮಾತಿನಲ್ಲಿ ಅಚ್ಚಾಗಿತ್ತು. ಒಡೆಯನ ಮನೆ ಬರಿದಾದ ಮೇಲೆಯೂ ಬಿರ್ಜೈ ಸುತ್ತಣ ಒಕ್ಕಲಿಗರು ಆ ಹಾಡುಗಳನ್ನು ಬಿಡಲಿಲ್ಲ. ಇಂದಿಗೂ ಲಿಥುವೇನ್ಯದ ಸುಧಾರಣೆಯ ಸಭೆಯ ಕೆಲವು ಸಾವಿರ ಜನರಲ್ಲಿ ಬಹುಮಂದಿ ಆ ಸೀಮೆಯವರೇ.

ಇನ್ನು ಕುಲೀನರ ಮುಂದಿನ ಗತಿ. 1599ರಲ್ಲಿಯೇ ದೌಕ್ಷನೆಂಬ ರೋಮನ್ ಸಭೆಯ ಗುರುವು ತನ್ನ ಪ್ರಸಂಗಗಳ ಪುಸ್ತಕದ ಮುನ್ನುಡಿಯಲ್ಲಿ, ತಾಯಿಯ ಮಾತನ್ನು ಕಡೆಗಣಿಸಬಾರದೆಂದು ತನ್ನ ದೇಶದ ಕುಲೀನರನ್ನು ಬೇಡಿಕೊಂಡಿದ್ದನು. ಅವರಿಗೆ ತಿಳಿಯಲೆಂದು ಆ ಮುನ್ನುಡಿಯನ್ನು ಪೋಲಿಷಿನಲ್ಲಿ ಬರೆಯಬೇಕಾಯಿತು. 1697ರಲ್ಲಿ ದಫ್ತರದ ಭಾಷೆಯೂ ಪೋಲಿಷಾಯಿತು. 1795ರಲ್ಲಿ ರಾಜ್ಯವೇ ನೆರೆಯ ಅರಸರ ಪಾಲಾಯಿತು. ಕುಲೀನರೆಂದು ಕಾಗದಪತ್ರ ತೋರಿಸಲಾರದ ಬಡ ಬಯೋರರನ್ನು ರಷ್ಯದ ಸರಕಾರವು ಸಾವಿರಾರು ಸಂಖ್ಯೆಯಲ್ಲಿ ಕೆಳಗಿನ ವರ್ಗಕ್ಕೆ ಇಳಿಸಿತು. 1861ರಲ್ಲಿ ಒಕ್ಕಲಿಗರಿಗೆ ಬಿಡುಗಡೆಯಾಯಿತು. ಅವರ ಮಕ್ಕಳು ಓದಿ ಬೋಧಕರೂ ವೈದ್ಯರೂ ಆಗಿ, ಲಿಥುವೇನ್ಯ ಮಾತನ್ನಾಡುವ ತಾವೇ ಲಿಥುವೇನ್ಯ ಜನಾಂಗವೆಂದು ಹೇಳತೊಡಗಿದಾಗ, ಪೋಲಿಷ್ ಮಾತನ್ನಾಡುವ ಪ್ರಭುಗಳು ತಾವು ಯಾರೆಂದು ಆರಿಸಿಕೊಳ್ಳಬೇಕಾಗಿ ಬಂತು. ಒಂದೇ ಮನೆಯ ಅಣ್ಣತಮ್ಮಂದಿರಲ್ಲಿ ಒಬ್ಬನು ಪೋಲಿಷನೆಂದೂ ಇನ್ನೊಬ್ಬನು ಲಿಥುವೇನ್ಯನೆಂದೂ ಹೇಳಿಕೊಂಡದ್ದುಂಟು. 1918ರಲ್ಲಿ ಲಿಥುವೇನ್ಯವು ಸ್ವತಂತ್ರವಾಯಿತು. 1922ರ ರಾಜ್ಯಶಾಸನದಲ್ಲಿ ಹುಟ್ಟಿನಿಂದ ಬರುವ ವಿಶೇಷ ಹಕ್ಕುಗಳಿಗೆ ಎಡೆಯಿರಲಿಲ್ಲ. ಅದೇ ವರುಷ ದೊಡ್ಡ ಪ್ರಭುಗಳಿಗೆ 80 ಹೆಕ್ಟೇರ್ ಭೂಮಿಯನ್ನು ಬಿಟ್ಟು ಮಿಕ್ಕದ್ದನ್ನು ಭೂಮಿಯಿಲ್ಲದವರಿಗೂ ಸಿಪಾಯಿಗಳಿಗೂ ಹಂಚುವ ಕಾಯಿದೆಯಾಯಿತು.

ಕರಿಯ ರಾದ್ವಿಲನನ್ನೂ ಅವನ ಹೆಂಡತಿಯನ್ನೂ ಮೊದಲು ವಿಲ್ನಿಯುಸಿನಲ್ಲಿ ಹೂಣಿದ್ದರು. ತರುವಾಯ ಅವರ ಎಲುಬುಗಳನ್ನು ಕೆಂಪು ರಾದ್ವಿಲನ ದುಬಿಂಗೈ ಎಂಬ ಊರಿಗೆ ಸಾಗಿಸಿದರು. ಅಲ್ಲಿಯ ಕೋಟೆಯೂ ಸುಧಾರಣೆಯ ದೇವಾಲಯವೂ ಕಾಲಕ್ರಮದಲ್ಲಿ ಹಾಳಾಗಿ ಹುಲ್ಲು ಬೆಳೆದು ಸಮಾಧಿಯ ಗುರುತೂ ಹೋಯಿತು. 2004ರಲ್ಲಿ ಪಂಡಿತರು ಆ ದಿಬ್ಬವನ್ನು ಅಗೆದು ಇಬ್ಬರು ರಾದ್ವಿಲರ ಎಲುಬುಗಳನ್ನೂ ಮನೆತನದ ಬೇರೆ ಕೆಲವರವನ್ನೂ ಕಂಡುಹಿಡಿದರು. 2009ರ ಸೆಪ್ತೆಂಬರ್ ತಿಂಗಳಲ್ಲಿ ಅವನ್ನು ಅದೇ ಸ್ಥಳದಲ್ಲಿ ಮರ್ಯಾದೆಯಿಂದ ತಿರಿಗಿ ಹೂಣಿದರು.